ಜೋಳದ ಹೊಲದ ಅಲೆಯೂ ಸೀರೆಯ ಅಂಚೂ

ಹಿಂಗಾರಿ ಜೋಳ ಆಳೆತ್ತರ ಬೆಳೆದು ತೆನೆ ಬಿಟ್ಟ ಹೊತ್ತಿನಲ್ಲಿ ರೋಣದ ಎರೆಹೊಲದ ಬದುವಿನ ಮೇಲೆ ನಿಂತು ನೋಡಿದ್ದೀರಾ, ಮಕ್ಕಳೇ? ಗಾಳಿ ಬೀಸಿದರೆ ಹೊಲದ ಈ ತುದಿಯಿಂದ ಆ ತುದಿಗೆ ಒಂದು ಅಲೆ ಓಡುತ್ತದೆ. ಆದರೆ ಯಾವ ದಂಟೂ ತನ್ನ ಜಾಗ ಬಿಟ್ಟು ಹೋಗುವುದಿಲ್ಲ. ಪ್ರತಿಯೊಂದು ದಂಟು ಒಂದಿಷ್ಟು ಬಾಗಿ ಮತ್ತೆ ನೆಟ್ಟಗಾಗುತ್ತದೆ, ಅಷ್ಟೆ. ಹಾಗಾದರೆ ಓಡಿದ್ದು ಯಾವುದು? ಅಲೆ. ಅದು ಯಾವುದೋ ಒಂದು ದಂಟಿನ ಸ್ವತ್ತಲ್ಲ, ಇಡೀ ಹೊಲದ್ದು.

ಇಂಥ ಅಲೆಗಳು ನಿಮ್ಮ ಮನೆಯ ತಾಮ್ರದ ತಂಬಿಗೆಯ ಒಳಗೂ ಏಳಬಲ್ಲವು. ಅಲ್ಲಿ ದಂಟುಗಳ ಬದಲು ಎಲೆಕ್ಟ್ರಾನ್‌ಗಳಿವೆ. ಲೆಕ್ಕವಿಲ್ಲದಷ್ಟು ಎಲೆಕ್ಟ್ರಾನ್‌ಗಳು ಒಟ್ಟಾಗಿ ತೂಗಾಡುವ ಈ ಅಲೆಗೆ ವಿಜ್ಞಾನಿಗಳು ಇಟ್ಟ ಹೆಸರು ಪ್ಲಾಸ್ಮಾನ್. ಇತ್ತೀಚಿನ ವರ್ಷಗಳಲ್ಲಿ ಇದೇ ಅಲೆಯನ್ನು ಒಂದು ವಿಚಿತ್ರ ಜಾತಿಯ ಹರಳುಗಳಲ್ಲಿ ಹುಡುಕುತ್ತಿದ್ದಾರೆ. ಆ ಹರಳುಗಳ ಒಳಗೆ ವಿದ್ಯುತ್ತು ಹರಿಯುವುದಿಲ್ಲ, ಮೈಮೇಲೆ ಮಾತ್ರ ಹರಿಯುತ್ತದೆ. ಆ ಕಥೆಯನ್ನು ಮೊಮ್ಮಕ್ಕಳು ಓದಿ ಹೇಳಲಿ, ಅಜ್ಜ-ಅಜ್ಜಿಯರು ಕೇಳಲಿ. ಓದಲು ಕನ್ನಡಕ ಸಿಕ್ಕರೆ ಅದಲುಬದಲಾದರೂ ಆದೀತು.

ತಂಬಿಗೆ ಏಕೆ ಹೊಳೆಯುತ್ತದೆ?

ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ತಾಮ್ರದ ತಂಬಿಗೆ ಫಳಫಳ ಹೊಳೆಯುತ್ತದೆ. ಮಣ್ಣಿನ ಗಡಿಗೆಯನ್ನು ಎಷ್ಟು ತಿಕ್ಕಿದರೂ ಹಾಗೆ ಹೊಳೆಯುವುದಿಲ್ಲ. ಏಕೆ?

ತಾಮ್ರದಲ್ಲಿ ಪ್ರತಿಯೊಂದು ಪರಮಾಣುವೂ ಹೆಚ್ಚುಕಡಿಮೆ ಒಂದು ಎಲೆಕ್ಟ್ರಾನನ್ನು ಊರ ಸಾರ್ವಜನಿಕ ಕೆಲಸಕ್ಕೆ ವಂತಿಗೆ ಕೊಟ್ಟಂತೆ ಬಿಟ್ಟುಕೊಟ್ಟಿರುತ್ತದೆ. ಹೀಗೆ ಬಿಡುಗಡೆಯಾದ ಎಲೆಕ್ಟ್ರಾನ್‌ಗಳು ಲೋಹದ ತುಂಬ ಓಡಾಡಿಕೊಂಡಿರುತ್ತವೆ. ಒಂದು ಘನ ಸೆಂಟಿಮೀಟರ್ ತಾಮ್ರದಲ್ಲಿ, ಅಂದರೆ ಒಂದು ಸಣ್ಣ ಬೆಲ್ಲದ ಚೂರಿನಷ್ಟು ಜಾಗದಲ್ಲಿ, ಇಂಥವು ಎಷ್ಟಿವೆ ಗೊತ್ತೇ? 85 ಬರೆದು ಅದರ ಮುಂದೆ 21 ಸೊನ್ನೆ ಹಾಕಿ, ಅಷ್ಟು!

ಎಲೆಕ್ಟ್ರಾನ್‌ಗಳಿಗೆ ಒಂದರ ಮುಖ ಇನ್ನೊಂದಕ್ಕೆ ಆಗದು. ಎಲ್ಲವೂ ಋಣ ವಿದ್ಯುತ್ತಿನವು, ಒಂದನ್ನೊಂದು ದೂರ ತಳ್ಳುತ್ತವೆ. ಅವು ಒಂದು ಕಡೆ ಒತ್ತಾಗಿ ಸೇರಿದರೆ ಕೂಡಲೇ ಒಂದನ್ನೊಂದು ಹಿಂದಕ್ಕೆ ನೂಕುತ್ತವೆ. ನೂಕಿದ ರಭಸಕ್ಕೆ ಇನ್ನೊಂದು ಬದಿಯಲ್ಲಿ ಒತ್ತಾಗುತ್ತವೆ, ಅಲ್ಲಿಂದ ಮತ್ತೆ ಈಚೆಗೆ. ತುಂಬಿದ ಕೊಡ ಹೊತ್ತು ನಡೆಯುವಾಗ ನೀರು ಆ ಕಡೆ ಈ ಕಡೆ ತುಳುಕುತ್ತದಲ್ಲ, ಹಾಗೆ. ಲೋಹದಲ್ಲಿ ಈ ತುಳುಕಾಟ ಸೆಕೆಂಡಿಗೆ ಹತ್ತಾರು ಕೋಟಿ ಕೋಟಿ ಸಲ ನಡೆಯಬಲ್ಲದು. ನಮ್ಮ ಕಣ್ಣಿಗೆ ಕಾಣುವ ಬೆಳಕು ಕಂಪಿಸುವುದು ಇದಕ್ಕಿಂತ ನಿಧಾನ. ಆದ್ದರಿಂದ ಬೆಳಕು ತಂಬಿಗೆಯ ಮೇಲೆ ಬಿದ್ದಾಗ ಎಲೆಕ್ಟ್ರಾನ್‌ಗಳ ಗುಂಪು ಸುಲಭವಾಗಿ ಅದರ ತಾಳಕ್ಕೆ ಹೆಜ್ಜೆ ಹಾಕಿ, ಒಳಗೆ ಬಿಡದೆ ಹಿಂದಕ್ಕೆ ಎಸೆಯುತ್ತದೆ. ನಾವು ಹೊಳಪು ಎನ್ನುವುದು ಇದನ್ನೇ. ಗಡಿಗೆಯ ಮಣ್ಣಿನಲ್ಲಿ ಹಾಗೆ ಬಿಡುವಾಗಿ ತಿರುಗುವ ಎಲೆಕ್ಟ್ರಾನ್‌ಗಳಿಲ್ಲ. ಅದಕ್ಕೇ ಅದು ಮಂಕು.

ರಾತ್ರಿ ಕೇಳಿದ ರೇಡಿಯೋ

ಅಜ್ಜಂದಿರಿಗೆ ಇನ್ನೊಂದು ಉದಾಹರಣೆ ಚೆನ್ನಾಗಿ ನೆನಪಿರಬೇಕು. ಟಿವಿ ಬರುವ ಮೊದಲು ರೇಡಿಯೋದ ಶಾರ್ಟ್‌ವೇವ್ ಪಟ್ಟಿಯಲ್ಲಿ ಮುಳ್ಳು ತಿರುಗಿಸುತ್ತ ಕೂತರೆ ದೂರದ ರೇಡಿಯೋ ಸಿಲೋನ್ ಕೇಳಿಸುತ್ತಿತ್ತು. ಭೂಮಿ ಗುಂಡಗಿದೆ, ರೇಡಿಯೋ ಅಲೆ ನೇರ ಹೋಗುತ್ತದೆ. ಹಾಗಿದ್ದರೆ ಸಮುದ್ರದಾಚೆಯ ಕೊಲಂಬೊದ ಹಾಡು ನರಗುಂದದ ಗುಡ್ಡದ ಬುಡಕ್ಕೆ ಬಂದದ್ದು ಹೇಗೆ?

ನೆಲದಿಂದ ನೂರಾರು ಕಿಲೋಮೀಟರ್ ಮೇಲೆ, ಬಿಸಿಲಿನ ಹೊಡೆತಕ್ಕೆ ಪರಮಾಣುಗಳಿಂದ ಕಿತ್ತುಹೋದ ಎಲೆಕ್ಟ್ರಾನ್‌ಗಳ ಪದರವೊಂದಿದೆ. ಅದರ ಹೆಸರು ಅಯಾನುಗೋಳ. ಶಾರ್ಟ್‌ವೇವ್ ಅಲೆ ಅಲ್ಲಿಗೆ ಹೋಗಿ ತಟ್ಟಿದಾಗ ಆ ಎಲೆಕ್ಟ್ರಾನ್‌ಗಳು ಕೂಡಿಯೇ ತೂಗಾಡಿ ಅದನ್ನು ನೆಲದ ಕಡೆಗೆ ಮರಳಿಸುತ್ತವೆ. ತಂಬಿಗೆ ಬೆಳಕನ್ನು ಮರಳಿಸಿದಂತೆ ಆಕಾಶ ರೇಡಿಯೋ ಅಲೆಯನ್ನು ಮರಳಿಸುತ್ತದೆ. ಈಗಿನ ಎಫ್‌ಎಂ ಅಲೆಗಳು ಇದಕ್ಕಿಂತ ವೇಗವಾಗಿ ಕಂಪಿಸುತ್ತವೆ. ಆ ತಾಳಕ್ಕೆ ಅಯಾನುಗೋಳದ ಎಲೆಕ್ಟ್ರಾನ್‌ಗಳು ಹೆಜ್ಜೆ ಹಾಕಲಾರವು. ಎಫ್‌ಎಂ ಅಲೆ ಪದರವನ್ನು ತೂರಿಕೊಂಡು ಆಚೆ ಹೋಗಿಬಿಡುತ್ತದೆ. ಅದಕ್ಕೇ ಎಫ್‌ಎಂ ಹತ್ತಿರದ ಊರುಗಳಿಗೆ ಮಾತ್ರ.

ಆಕಾಶದ ಈ ತೂಗಾಟವೂ ಲೋಹದೊಳಗಿನ ತೂಗಾಟವೂ ಒಂದೇ ಮನೆತನದವು ಎಂದು 1950ರ ದಶಕದ ಮೊದಲ ವರ್ಷಗಳಲ್ಲಿ ಲೆಕ್ಕ ಹಾಕಿ ತೋರಿಸಿದವರು ಡೇವಿಡ್ ಬೋಮ್ ಮತ್ತು ಅವರ ಶಿಷ್ಯ ಡೇವಿಡ್ ಪೈನ್ಸ್. ಈ ಪೈನ್ಸ್ ಹೆಸರು ನೆನಪಿಡಿ. ಮುಂದೆ ಅವರ ಭೂತವೊಂದು ಬರಲಿದೆ.

ಪರೀಕ್ಷೆಯ ಪಟ್ಟಿಯ ಕೆಂಪು ಗೆರೆ

ಕೊರೊನಾ ಕಾಲದಲ್ಲಿ ಪ್ಲಾಸ್ಟಿಕ್ ಡಬ್ಬಿಯೊಳಗಿನ ಸಣ್ಣ ಪಟ್ಟಿಯ ಮೇಲೆ ಕೆಂಪು ಗೆರೆ ಮೂಡುತ್ತದೋ ಇಲ್ಲವೋ ಎಂದು ಎಲ್ಲರೂ ಎದೆ ಹಿಡಿದುಕೊಂಡು ಕಾದವರೇ. ಒಂದು ಹನಿ ರಕ್ತದಿಂದ ಮಲೇರಿಯಾ ಪತ್ತೆಮಾಡುವ ಪಟ್ಟಿಯೂ ಅಂಥದೇ. ಇಂಥ ಬಹಳಷ್ಟು ಪಟ್ಟಿಗಳಲ್ಲಿ ಆ ಕೆಂಪು ಬಣ್ಣವೇನೂ ಕುಂಕುಮವಲ್ಲ, ಅದು ಚಿನ್ನ! ಚಿನ್ನವನ್ನು ಕೂದಲಿನ ದಪ್ಪದ ಸಾವಿರದ ಒಂದು ಪಾಲಿನಷ್ಟು ಸಣ್ಣ ಕಣ ಮಾಡಿದರೆ ಅದು ಹಳದಿಯಾಗಿ ಉಳಿಯುವುದಿಲ್ಲ. ಕಣದೊಳಗಿನ ಎಲೆಕ್ಟ್ರಾನ್‌ಗಳು ಒಟ್ಟಾಗಿ ತೂಗಾಡುವ ತಾಳವು ಹಸಿರು ಬೆಳಕಿನ ತಾಳಕ್ಕೆ ಹೊಂದಿಕೊಳ್ಳುತ್ತದೆ. ಹಸಿರನ್ನು ಅದು ನುಂಗುತ್ತದೆ, ಉಳಿದ ಕೆಂಪು ನಮ್ಮ ಕಣ್ಣಿಗೆ ಬೀಳುತ್ತದೆ.

ಅಂದರೆ ಪ್ಲಾಸ್ಮಾನ್ ಎನ್ನುವುದು ಪುಸ್ತಕದೊಳಗೆ ಮಾತ್ರ ಇರುವ ಸಂಗತಿಯಲ್ಲ. ಈಗಾಗಲೇ ಅದು ನಮ್ಮ ಮನೆಬಾಗಿಲಿಗೆ ಬಂದು ಆರೋಗ್ಯ ವಿಚಾರಿಸಿ ಹೋಗಿದೆ.

ಉಂಡಿಯೂ ಕೋಡುಬಳೆಯೂ

ಈಗ ಕಥೆಯ ಎರಡನೆಯ ಎಳೆ. 2016ರಲ್ಲಿ ಭೌತಶಾಸ್ತ್ರದ ನೊಬೆಲ್ ಬಹುಮಾನ ಡೇವಿಡ್ ಥೌಲೆಸ್, ಡಂಕನ್ ಹಾಲ್ಡೇನ್ ಮತ್ತು ಮೈಕೆಲ್ ಕೋಸ್ಟರ್ಲಿಟ್ಜ್ ಎಂಬ ಮೂವರಿಗೆ ಬಂತು. ಬಹುಮಾನದ ವಿಷಯವನ್ನು ಪತ್ರಕರ್ತರಿಗೆ ವಿವರಿಸಲು ನೊಬೆಲ್ ಸಮಿತಿಯ ಸದಸ್ಯರೊಬ್ಬರು ಚೀಲದಿಂದ ತಿಂಡಿಗಳನ್ನು ಹೊರತೆಗೆದರು: ತೂತಿಲ್ಲದ ಬನ್ನು, ಒಂದು ತೂತಿನ ಬ್ರೆಡ್ಡು, ಎರಡು ತೂತಿನ ಇನ್ನೊಂದು.

ನಮ್ಮ ಅಜ್ಜಿಯರ ಡಬ್ಬಿಯಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆಗಳಿವೆ. ಶೇಂಗಾದ ಉಂಡಿಯನ್ನು ಅದುಮಿದರೆ ಚಪ್ಪಟೆಯಾಗುತ್ತದೆ, ಉದ್ದವಾಗುತ್ತದೆ, ಆದರೆ ತೂತು ತಾನಾಗಿ ಬೀಳುವುದಿಲ್ಲ. ಹಸಿ ಕೋಡುಬಳೆಯನ್ನು ಎಷ್ಟು ಎಳೆದರೂ ಜಗ್ಗಿದರೂ ಅದರ ನಡುವಿನ ತೂತು ಹೋಗುವುದಿಲ್ಲ. ಕಡಿಯಬೇಕು, ಇಲ್ಲವೆ ಮೆತ್ತಿ ಮುಚ್ಚಬೇಕು. ತೂತು ಒಂದಿರುತ್ತದೆ ಅಥವಾ ಇರುವುದಿಲ್ಲ, ಅರ್ಧ ತೂತು ಎಂಬುದಿಲ್ಲ. ಹೀಗೆ ಎಳೆದರೂ ಬಾಗಿಸಿದರೂ ಬದಲಾಗದ ಗುಣಗಳನ್ನು ಅಭ್ಯಾಸ ಮಾಡುವ ಗಣಿತವೇ ಟೋಪಾಲಜಿ.

ಕೆಲವು ಹರಳುಗಳಲ್ಲಿ ಎಲೆಕ್ಟ್ರಾನ್‌ಗಳ ಲೆಕ್ಕಾಚಾರದೊಳಗೇ ಇಂಥದೊಂದು ತಿರುವು ಅಡಗಿರುತ್ತದೆ. ಹರಳಿನ ಹೊರಗಿನ ಗಾಳಿಯಲ್ಲಿ ಆ ತಿರುವು ಇಲ್ಲ. ಒಳಗೆ ತಿರುವು, ಹೊರಗೆ ನೆಟ್ಟಗೆ. ಅಂದ ಮೇಲೆ ಎರಡೂ ಸಂಧಿಸುವ ಅಂಚಿನಲ್ಲಿ ತಿರುವು ಬಿಚ್ಚಿಕೊಳ್ಳಲೇಬೇಕು. ಹಾಗೆ ಬಿಚ್ಚಿಕೊಳ್ಳುವ ಜಾಗದಲ್ಲಿ ವಿದ್ಯುತ್ತಿಗೆ ದಾರಿ ತೆರೆಯುತ್ತದೆ. ಒಳಗೆ ಗಾಜಿನಂತೆ ಅವಾಹಕ, ಮೈಮೇಲೆ ಲೋಹದಂತೆ ವಾಹಕ. ಇದೇ ಟೋಪಾಲಜಿಕಲ್ ಅವಾಹಕ. 2007ರಲ್ಲಿ ಜರ್ಮನಿಯ ವುರ್ಟ್ಸ್‌ಬರ್ಗ್‌ನಲ್ಲಿ ಪಾದರಸ ಮತ್ತು ಟೆಲ್ಯೂರಿಯಂ ಕೂಡಿದ ತೆಳು ಪದರದಲ್ಲಿ ಅಂಚಿನ ಈ ಓಟ ಮೊದಲು ಕಂಡಿತು. ಆಮೇಲೆ ಬಿಸ್ಮತ್ ಸೆಲೆನೈಡ್ ಎಂಬ ಹರಳು ಈ ವಿದ್ಯೆಯ ಮನೆಮಾತಾಯಿತು.

ಗಜೇಂದ್ರಗಡದ ಮಗ್ಗದ ಪಟ್ಟೆದಂಚಿನ ಸೀರೆಯನ್ನು ನೆನಪಿಸಿಕೊಳ್ಳಿ. ಒಡಲು ಒಂದು ಬಗೆ, ಅಂಚು ಇನ್ನೊಂದು ಬಗೆ. ನೇಕಾರರು ಅಂಚಿನ ನೂಲನ್ನು ಬೇಕೆಂದೇ ಬೇರೆ ಹಾಸುತ್ತಾರೆ. ಈ ಹರಳುಗಳಲ್ಲಿ ಮಾತ್ರ ಅಂಚನ್ನು ಯಾರೂ ನೇಯಬೇಕಾಗಿಲ್ಲ. ಒಡಲಿನ ನೇಯ್ಗೆಯೇ ಅಂಚನ್ನು ಹುಟ್ಟಿಸುತ್ತದೆ. ಹರಳನ್ನು ನಡುವೆ ತುಂಡು ಮಾಡಿದರೆ ಹೊಸ ಮೈಮೇಲೆ ಹೊಸ ಅಂಚು ತಾನೇ ಮೂಡುತ್ತದೆ. ಸೀರೆಯನ್ನು ನಡುವೆ ಕತ್ತರಿಸಿದರೆ ಎರಡೂ ತುಂಡಿಗೆ ಹೊಸ ಅಂಚು ಬರುವ ಹಾಗಿದ್ದರೆ ಹೇಗಿರುತ್ತಿತ್ತು!

ಹಿಂದಕ್ಕೆ ತಿರುಗಲಾರದ ದಾರಿ

ಅಂಚಿನ ಓಟದಲ್ಲಿ ಇನ್ನೊಂದು ಸೋಜಿಗವಿದೆ. ಪ್ರತಿ ಎಲೆಕ್ಟ್ರಾನಿಗೂ ಸ್ಪಿನ್ ಎಂಬ ಗುಣವಿದೆ. ಸದ್ಯಕ್ಕೆ ಅದನ್ನು ಬುಗುರಿಯ ತಿರುಗಾಟ ಎಂದುಕೊಳ್ಳೋಣ. ಈ ಅಂಚಿನಲ್ಲಿ ಬಲಕ್ಕೆ ತಿರುಗುವ ಬುಗುರಿಗಳು ಒಂದು ದಿಕ್ಕಿಗೆ, ಎಡಕ್ಕೆ ತಿರುಗುವವು ಎದುರು ದಿಕ್ಕಿಗೆ ಹೋಗುತ್ತವೆ. ದಾರಿಯಲ್ಲಿ ಕಲ್ಲು ಸಿಕ್ಕರೆ ಮಾಮೂಲಿ ತಂತಿಯಲ್ಲಿ ಎಲೆಕ್ಟ್ರಾನ್ ಢಿಕ್ಕಿ ಹೊಡೆದು ಹಿಂದಕ್ಕೆ ಸಿಡಿಯುತ್ತದೆ. ಇಲ್ಲಿ ಹಿಂದಕ್ಕೆ ಬರಬೇಕಾದರೆ ಬುಗುರಿಯೇ ಉಲ್ಟಾ ತಿರುಗಬೇಕು. ಸಾಮಾನ್ಯ ಕಲ್ಲಿಗೆ ಆ ಶಕ್ತಿ ಇಲ್ಲ. ಅಯಸ್ಕಾಂತದ ಗುಣವಿರುವ ಕಲ್ಲಿಗೆ ಮಾತ್ರ ಅದು ಸಾಧ್ಯ. ಹೀಗಾಗಿ ಎಲೆಕ್ಟ್ರಾನ್ ಕಲ್ಲನ್ನು ಬಳಸಿಕೊಂಡು ಮುಂದೆ ಹೋಗುತ್ತದೆ. ತೆಳು ಪದರದ ಅಂಚಿಗೆ ಈ ಮಾತು ಪೂರ್ತಿ ಸಲ್ಲುತ್ತದೆ. ದಪ್ಪ ಹರಳಿನ ಮೈಮೇಲೆ ಅಕ್ಕಪಕ್ಕಕ್ಕೆ ಚದುರುವ ಅವಕಾಶವಿದೆ, ಬಂದ ದಾರಿಗೆ ನೇರ ಮರಳುವ ಅವಕಾಶ ಮಾತ್ರ ಇಲ್ಲ.

ಇನ್ನು ಎರಡೂ ಎಳೆ ಕೂಡಿಸೋಣ. ಮೈಮೇಲೆ ಓಡುವ ಈ ಎಲೆಕ್ಟ್ರಾನ್‌ಗಳು ಜೋಳದ ಹೊಲದಂತೆ ಒಟ್ಟಾಗಿ ಅಲೆಯೆದ್ದರೆ? 2013ರಲ್ಲಿ ಇಟಲಿಯ ರೋಮ್ ನಗರದ ವಿಜ್ಞಾನಿಗಳ ತಂಡ ಇದನ್ನೇ ಪರೀಕ್ಷಿಸಿತು. ನಯವಾದ ಮೈಮೇಲೆ ನೇರವಾಗಿ ಬೆಳಕು ಚೆಲ್ಲಿದರೆ ಈ ಅಲೆ ಏಳುವುದಿಲ್ಲ. ಅದಕ್ಕೆ ಅವರು ಬಿಸ್ಮತ್ ಸೆಲೆನೈಡ್ ಪದರವನ್ನು ತಲೆಗೂದಲಿಗಿಂತ ಸಣ್ಣ ಪಟ್ಟೆಗಳಾಗಿ ಕೊರೆದರು. ಪಟ್ಟೆಗಳ ಮೇಲೆ ಟೆರಾಹರ್ಟ್ಜ್ ಬೆಳಕು, ಅಂದರೆ ಸೆಕೆಂಡಿಗೆ ಲಕ್ಷ ಕೋಟಿ ಸಲದ ಲೆಕ್ಕದಲ್ಲಿ ಕಂಪಿಸುವ ಕಣ್ಣಿಗೆ ಕಾಣದ ಬೆಳಕು, ಹಾಯಿಸಿದರು. ಪಟ್ಟೆ ಪಟ್ಟೆಯಲ್ಲೂ ಎಲೆಕ್ಟ್ರಾನ್‌ಗಳು ತುಳುಕಿದವು. ಪಟ್ಟೆ ಸಣ್ಣದಾದಷ್ಟೂ ತಾಳ ಚುರುಕಾಯಿತು. ಕೊಳಲು ಗಿಡ್ಡವಾದಷ್ಟೂ ಸ್ವರ ಏರುವಂತೆ. ಆದರೆ ಏರಿಕೆಯ ಲೆಕ್ಕ ಕೊಳಲಿನದಲ್ಲ: ಇಲ್ಲಿ ಪಟ್ಟೆಯ ಅಗಲ ಕಾಲು ಪಾಲಾದರೆ ತಾಳ ಎರಡು ಪಟ್ಟು. ಇಂಥ ಎಲೆಕ್ಟ್ರಾನ್‌ಗಳ ನಡೆಯನ್ನು ಪಾಲ್ ಡಿರಾಕ್ ಅವರ ಸಮೀಕರಣ ವಿವರಿಸುತ್ತದೆ. ಅದಕ್ಕೆ ಈ ಅಲೆಗೆ ಡಿರಾಕ್ ಪ್ಲಾಸ್ಮಾನ್ ಎಂದು ಹೆಸರು.

67 ವರ್ಷ ಅಡಗಿದ್ದ ಭೂತ

ಈಗ ಪೈನ್ಸ್ ಅವರ ಭೂತ. 1956ರಲ್ಲಿ ಅವರು ಕಾಗದದ ಮೇಲೆ ಲೆಕ್ಕ ಹಾಕಿ ಒಂದು ಮಾತು ಹೇಳಿದರು: ಒಂದು ಲೋಹದಲ್ಲಿ ಎರಡು ಬಗೆಯ ಎಲೆಕ್ಟ್ರಾನ್‌ಗಳಿದ್ದರೆ, ಒಂದು ಗುಂಪು ಮುಂದೆ ಹೋದಾಗ ಇನ್ನೊಂದು ಹಿಂದೆ ಸರಿಯಬಹುದು. ಒಂದು ಕಡೆ ಕೂಡಿದ್ದು ಇನ್ನೊಂದು ಕಡೆ ಕಳೆದು ಹೋಗಿ ಒಟ್ಟು ವಿದ್ಯುತ್ತು ಸೊನ್ನೆಯಾಗುತ್ತದೆ. ಅಂಥ ಅಲೆ ಬೆಳಕಿನ ಕಣ್ಣಿಗೆ ಬೀಳುವುದಿಲ್ಲ. ಅದಕ್ಕೆ ಅವರು ತಮಾಷೆಯಾಗಿ ಡೀಮನ್, ಅಂದರೆ ಭೂತ, ಎಂದು ಹೆಸರಿಟ್ಟರು.

ವರ್ಷಗಳು ಉರುಳಿದವು. ಭೂತ ಸಿಗಲಿಲ್ಲ. ಪೈನ್ಸ್ 2018ರಲ್ಲಿ ತೀರಿಕೊಂಡರು. 2023ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಪೀಟರ್ ಅಬ್ಬಮಾಂಟೆ ಅವರ ತಂಡ, ಜಪಾನಿನ ಕ್ಯೋಟೋದಲ್ಲಿ ಬೆಳೆಸಿದ ಸ್ಟ್ರಾನ್ಷಿಯಂ ರುಥೆನೇಟ್ ಹರಳಿನಲ್ಲಿ ಅದನ್ನು ಕಂಡಿತು. ಅವರು ಹುಡುಕುತ್ತಿದ್ದುದು ಬೇರೇನನ್ನೋ! ಬೆಳಕಿನ ಬದಲು ಎಲೆಕ್ಟ್ರಾನ್‌ಗಳನ್ನೇ ಹರಳಿಗೆ ಹೊಡೆದು, ಅವು ಎಷ್ಟು ಶಕ್ತಿ ಕಳೆದುಕೊಂಡು ಸಿಡಿಯುತ್ತವೆ ಎಂದು ಅಳೆಯುವಾಗ ಅರ್ಥವಾಗದ ಒಂದು ಗುರುತು ಸಿಕ್ಕಿತು. ಮೊದಲು ಇದು ಅದಾಗಿರಲಾರದು ಎಂದು ಸುಮ್ಮನಾದರು. ಒಂದೊಂದೇ ಸಾಧ್ಯತೆಯನ್ನು ಅಳಿಸುತ್ತ ಹೋದಾಗ ಉಳಿದದ್ದು 67 ವರ್ಷದ ಹಿಂದಿನ ಭೂತವೇ. ಅರ್ಥವಾಗದ ಉತ್ತರ ಬಂದಾಗ ಅದನ್ನು ಒರೆಸಿ ಹಾಕದೆ ಇಟ್ಟುಕೊಂಡು ಕೂತವರಿಗೆ ಒಮ್ಮೊಮ್ಮೆ ಹೀಗೆ ಕೂಲಿ ಸಿಗುತ್ತದೆ.

ನಮ್ಮ ಬೆಂಗಳೂರಿನಲ್ಲಿ

ಇದೆಲ್ಲ ದೂರದೇಶದ ಮಾತಾಯಿತು ಎನ್ನಬೇಡಿ. ಗದಗಿನಿಂದ ರಾತ್ರಿ ರೈಲು ಹತ್ತಿದರೆ ಬೆಳಗಾಗುವುದರೊಳಗೆ ಮುಟ್ಟುವ ಬೆಂಗಳೂರಿನಲ್ಲಿ ಈ ಕೆಲಸ ನಡೆಯುತ್ತಿದೆ. 1909ರಲ್ಲಿ ಶುರುವಾದ ಭಾರತೀಯ ವಿಜ್ಞಾನ ಸಂಸ್ಥೆ, 1989ರಲ್ಲಿ ಶುರುವಾದ ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ, ಇವೆರಡೂ ಇದರಲ್ಲಿ ಹೆಸರು ಮಾಡಿವೆ.

2013ರಲ್ಲಿ ವಿಜ್ಞಾನ ಸಂಸ್ಥೆಯ ಅಜಯ್ ಸೂದ್ ಮತ್ತು ಜಕ್ಕೂರಿನ ಉಮೇಶ್ ವಾಘ್ಮಾರೆ ಅವರ ತಂಡಗಳು ಕೂಡಿ ಆಂಟಿಮನಿ ಸೆಲೆನೈಡ್ ಎಂಬ ಹರಳನ್ನು ಭಾರೀ ಒತ್ತಡಕ್ಕೆ ಸಿಕ್ಕಿಸಿದವು. ನಮ್ಮ ಸುತ್ತಲಿನ ಗಾಳಿಯ ಒತ್ತಡದ ಹತ್ತಾರು ಸಾವಿರ ಪಟ್ಟು! ಒಂದು ಹಂತದಲ್ಲಿ ಹರಳಿನ ಪರಮಾಣುಗಳ ಕಂಪನದಲ್ಲಿ ದಿಢೀರ್ ಬದಲಾವಣೆ ಕಂಡಿತು. ಮಾಮೂಲಿ ಅವಾಹಕ ಟೋಪಾಲಜಿಕಲ್ ಅವಾಹಕವಾದ ಗುರುತು ಅದು, ಉಂಡಿ ಕೋಡುಬಳೆಯಾದ ಗಳಿಗೆ. ಅದನ್ನು ಪತ್ತೆಮಾಡಲು ಬಳಸಿದ ವಿಧಾನ ಯಾವುದು ಗೊತ್ತೇ? 1928ರ ಫೆಬ್ರವರಿ 28ರಂದು ಸಿ. ವಿ. ರಾಮನ್ ಕಂಡ, ಅವರ ಹೆಸರನ್ನೇ ಹೊತ್ತ ರಾಮನ್ ಪರಿಣಾಮ. ಅದೇ ರಾಮನ್ 1933ರಲ್ಲಿ ಈ ಸಂಸ್ಥೆಗೆ ನಿರ್ದೇಶಕರಾಗಿ ಬಂದಿದ್ದರು.

2025ರಲ್ಲಿ ಅದೇ ಸಂಸ್ಥೆಯ ಅರಿಂದಮ್ ಘೋಷ್ ಅವರ ತಂಡ ಜಪಾನಿನ ವಿಜ್ಞಾನಿಗಳೊಂದಿಗೆ ಸೇರಿ ಗ್ರಾಫೀನ್ ಕುರಿತು ಒಂದು ಸುದ್ದಿ ಕೊಟ್ಟಿತು. ಗ್ರಾಫೀನ್ ಎಂದರೆ ಪೆನ್ಸಿಲ್ ಕಡ್ಡಿಯ ಗ್ರಾಫೈಟ್‌ನ ಒಂದೇ ಒಂದು ಪರಮಾಣು ದಪ್ಪದ ಹಾಳೆ. ಅತ್ಯಂತ ಶುದ್ಧ ಗ್ರಾಫೀನ್‌ನಲ್ಲಿ ಎಲೆಕ್ಟ್ರಾನ್‌ಗಳು ಒಂಟೊಂಟಿಯಾಗಿ ಓಡದೆ, ಕಾಲುವೆಯಲ್ಲಿ ಮಲಪ್ರಭೆಯ ನೀರು ಹರಿದಂತೆ ಕೂಡಿ ಹರಿದವು. ವಿದ್ಯುತ್ತು ಮತ್ತು ಶಾಖ ಲೋಹದಲ್ಲಿ ಜೊತೆಜೊತೆಗೆ ಸಾಗುತ್ತವೆ ಎಂಬ ಹಳೆಯ ನಿಯಮ ಇಲ್ಲಿ 200 ಪಟ್ಟಿಗೂ ಮಿಕ್ಕಿ ತಪ್ಪಿತು.

ಅಜ್ಜ ಮತ್ತು ಮೊಮ್ಮಗಳ ಸವಾಲು-ಜವಾಬು

"ಅಜ್ಜಾ, ಎಲೆಕ್ಟ್ರಾನ್ ಕಣ್ಣಿಗೆ ಕಾಣತೈತೇನು?"

"ಇಲ್ಲವ್ವಾ. ಗಾಳಿ ಎಲ್ಲಿ ಕಾಣತೈತಿ? ಜ್ವಾಳದ ತೆನಿ ಬಾಗಿದ್ದು ಕಾಣತೈತಿ. ಹಂಗ ಬೆಳಕು ಎಲ್ಲಿ ಕಡಿಮಿ ಆತು ಅನ್ನೋದು ನೋಡಿ ಅಲೆ ಎದ್ದೈತಿ ಅಂತ ತಿಳಕೋತಾರ."

"ಹಂಗಾರ ಗಜೇಂದ್ರಗಡ ಗುಡ್ಡದ ಗಾಳಿ ಪಂಖಾದ ಕರೆಂಟು ಇಂಥ ಹರಳಿನ ತಂತ್ಯಾಗ ಬರತೈತೇನು?"

"ಈಗ ಇಲ್ಲವ್ವಾ. ಅಷ್ಟು ದಪ್ಪ ತಂತಿಗೆ ಇದು ಒಗ್ಗೂದಿಲ್ಲ. ಮೊಬೈಲಿನೊಳಗಿನ ಸಣ್ಣ ಚಿಪ್ಪಿಗೆ ಮುಂದ ಒಗ್ಗಬಹುದು ಅಂತ ನೋಡಾಕತ್ತಾರ."

"ಮೊಬೈಲ್ ಬಿಸಿ ಆಗೂದು ತಪ್ಪತೈತಾ?"

"ಎಲೆಕ್ಟ್ರಾನ್ ಢಿಕ್ಕಿ ಹೊಡೆದಲ್ಲೆ ಶಾಖ. ಢಿಕ್ಕಿ ಕಡಿಮಿ ಆದರ ಶಾಖಾನೂ ಕಡಿಮಿ. ಆದರ ಅದು ಆಗೂತನಕ ಆತು ಅನ್ನಬಾರದು."

ಈ ಅಜ್ಜನ ಕೊನೆಯ ಮಾತು ಬಂಗಾರದಂಥದು. ಟೆರಾಹರ್ಟ್ಜ್ ಬೆಳಕನ್ನು ಹಿಡಿಯುವ ಸಾಧನ, ಕಡಿಮೆ ಬಿಸಿಯಾಗುವ ಚಿಪ್ಪು, ಹೆಚ್ಚು ಸೂಕ್ಷ್ಮವಾದ ರೋಗಪತ್ತೆಯ ಪಟ್ಟಿ, ಇವೆಲ್ಲ ವಿಜ್ಞಾನಿಗಳ ಮುಂದಿರುವ ಆಸೆಗಳು. ಅಂಗಡಿಯಲ್ಲಿ ಸಿಗುವ ಸಾಮಾನುಗಳಲ್ಲ.

ಮನೆಯಲ್ಲೇ ಮಾಡಿ ನೋಡಿ

ಹಳೆಯ ಪತ್ರಿಕೆಯಿಂದ ಎರಡು ಬೆರಳು ಅಗಲದ, ಒಂದು ಮೊಳ ಉದ್ದದ ಪಟ್ಟಿ ಕತ್ತರಿಸಿ. ಎರಡು ತುದಿ ಕೂಡಿಸಿ ಬಳೆಯಂತೆ ಅಂಟಿಸಿ. ಇನ್ನೊಂದು ಪಟ್ಟಿ ತೆಗೆದುಕೊಳ್ಳಿ. ಇದರ ಒಂದು ತುದಿಯನ್ನು ಒಮ್ಮೆ ಮಗುಚಿ, ಆಮೇಲೆ ಅಂಟಿಸಿ.

ಮೊದಲ ಬಳೆಯ ಹೊರಮೈ ಮೇಲೆ ಪೆನ್ಸಿಲಿನಿಂದ ಗೆರೆ ಎಳೆಯುತ್ತ ಹೋಗಿ. ಗೆರೆ ಹೊರಗೇ ಸುತ್ತಿ ಮುಗಿಯುತ್ತದೆ. ಎರಡನೆಯದರ ಮೇಲೆ ಎಳೆಯಿರಿ. ಪೆನ್ಸಿಲ್ ಎತ್ತದಿದ್ದರೂ ಗೆರೆ ಎರಡೂ ಬದಿಗೆ ಬಂದಿರುತ್ತದೆ! ಇದಕ್ಕೆ ಇರುವುದು ಒಂದೇ ಬದಿ, ಒಂದೇ ಅಂಚು. ಈಗ ಆ ಗೆರೆಯುದ್ದಕ್ಕೂ ಕತ್ತರಿಸಿ. ಎರಡು ಬಳೆ ಆಗುತ್ತವೆ ಎಂದುಕೊಂಡಿರಾ? ಮಾಡಿ ನೋಡಿ, ಮನೆಯವರೊಂದಿಗೆ ಪಂಥ ಕಟ್ಟಿ.

ಈ ತಿರುವನ್ನು ಬಿಚ್ಚಬೇಕಾದರೆ ಪಟ್ಟಿಯನ್ನು ಅಡ್ಡ ಹರಿಯಲೇಬೇಕು. ಅದುಮಿದರೆ, ಜಗ್ಗಿದರೆ ಹೋಗದು. ಟೋಪಾಲಜಿಕಲ್ ಹರಳಿನ ಗಟ್ಟಿತನದ ಗುಟ್ಟೂ ಇದೇ.

ಮನೆಮಾತಿನ ವಿಜ್ಞಾನ

ಹೈಸ್ಕೂಲು ಮುಗಿದ ಮೇಲೆ ನಮ್ಮ ಕಡೆಯ ಎಷ್ಟೋ ಜಾಣ ಮಕ್ಕಳು ಇಂಗ್ಲಿಷ್ ಪದಗಳಿಗೆ ಅಂಜಿ ವಿಜ್ಞಾನ ಬಿಡುತ್ತಾರೆ. ಮಕ್ಕಳೇ, ಈ ಲೇಖನದಲ್ಲಿ ನಿಮಗೆ ಗೊತ್ತಿಲ್ಲದ ಪದಗಳು ಕೆಲವೇ ಕೆಲವು. ಅಲೆ, ಅಂಚು, ತಿರುವು, ತಾಳ, ಗುಂಪು, ಇವೆಲ್ಲ ನಿಮ್ಮ ಮನೆಯ ಮಾತುಗಳೇ. ಕಠಿಣ ಹೆಸರುಗಳು ಬರುತ್ತವೆ, ಕಲಿತರೆ ಬರುತ್ತವೆ. ಅವುಗಳ ಹಿಂದಿರುವ ವಿಚಾರ ನಿಮ್ಮ ಹೊಲದಲ್ಲಿ, ಮಗ್ಗದಲ್ಲಿ, ಅಡುಗೆಮನೆಯಲ್ಲಿ ಆಗಲೇ ಇದೆ. ಬೆಂಗಳೂರಿನ ವಿಜ್ಞಾನ ಸಂಸ್ಥೆ ವರ್ಷಕ್ಕೊಂದು ದಿನ ಓಪನ್ ಡೇ ಎಂದು ಎಲ್ಲರಿಗೂ ಬಾಗಿಲು ತೆರೆಯುತ್ತದೆ. ಶಾಲೆಯ ಗುರುಗಳನ್ನು ಕೇಳಿ, ಸಾಧ್ಯವಾದರೆ ಒಮ್ಮೆ ಹೋಗಿಬನ್ನಿ. ಹೋಗುವಾಗ ಬುತ್ತಿಯಲ್ಲಿ ನಾಲ್ಕು ಕೋಡುಬಳೆ ಇರಲಿ. ಅಲ್ಲಿನ ವಿಜ್ಞಾನಿಗಳಿಗೆ ತೋರಿಸಿ ಪ್ರಶ್ನೆ ಕೇಳಲು ಬೇಕಾದಾವು.